ಕಾಯಿಲೆಗೆ ಹೆದರಿ ಗಾಳ ಎತ್ತಿಡಬೇಕಿಲ್ಲ

ಕರ್ನಾಟಕದಲ್ಲಿ ಕಾನೂನಿನ ಭಯವಿಲ್ಲದೆ ಮಾಡಬಹುದಾಗಿ ಉಳಿದಿರುವ ಶಿಕಾರಿ ಎಂದರೆ ಮೀನು ಶಿಕಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಂದಿಗೆ ಉರುಳು ಹಾಕುವುದೂ ಅಪರಾಧ, ಕೋವಿ ಹಿಡಿದು ಮೊಲದ ಹಿಂದೆ ಹೋಗುವುದೂ ಅಪರಾಧ. ಬೆಳೆ ರಕ್ಷಣೆಗೆ ಪಡೆದ ಲೈಸೆನ್ಸ್ ಬೇಟೆಗೆ ಪರವಾನಗಿಯಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಕೊಟ್ಟಿರುವ ವಿನಾಯಿತಿ ಕೂಡ ಕೋವಿ ಇಟ್ಟುಕೊಳ್ಳಲು ಮಾತ್ರ, ಪ್ರಾಣಿ ಹೊಡೆಯಲು ಅಲ್ಲ. ಮೀನಿಗೂ ಮಿತಿ ಉಂಟು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನ ನೀರಿಗೆ ಗಾಳ ಇಳಿಸುವಂತಿಲ್ಲ. ಹಾಗಾಗಿ ಬನ್ನೇರುಘಟ್ಟ ಕಾಡಿನೊಳಗಿನ ಕುಂಟೆಗಳು, ಕಾವೇರಿ ವನ್ಯಜೀವಿಧಾಮದ ಮಡುಗಳು ಲೆಕ್ಕಕ್ಕಿಲ್ಲ. ಒಂದು ಕಾಲಕ್ಕೆ ಮಹಶೀರ್ ಗಾಳಕ್ಕೆ ಹೆಸರಾಗಿದ್ದ ಭೀಮೇಶ್ವರಿಯೂ ಇದೇ ವನ್ಯಜೀವಿಧಾಮದಲ್ಲಿದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಎಳೆದ 120 ಪೌಂಡಿನ ಮಹಶೀರ್ ಈಗ ಕತೆ. ಕಾವೇರಿಯ ಡುಬ್ಬದ ಮಹಶೀರ್ ತೀವ್ರ ಅಳಿವಿನಂಚಿನ ಜೀವಿ ಎಂದು 2018ರಲ್ಲಿ ಘೋಷಣೆಯಾಗಿದೆ.

ಕಾನೂನು ಬಿಟ್ಟುಕೊಟ್ಟ ಈ ಶಿಕಾರಿಗೆ ಕಾಯಿಲೆ ಅಡ್ಡ ಬರುವುದುಂಟು. ಬೆಂಗಳೂರಿನ ಸುದ್ದಗುಂಟೆಪಾಳ್ಯದ ಸುತ್ತ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಒಂದು ಕಡೆ ನಿಮ್ಹಾನ್ಸ್ ಮತ್ತು ಕಿದ್ವಾಯಿ, ಇನ್ನೊಂದು ಕಡೆ ಸಂಜಯ ಗಾಂಧಿ ಆಸ್ಪತ್ರೆ, ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ. ಈ ಭಾಗದಲ್ಲಿ ಸ್ಟೆಂಟ್ ಹಾಕಿಸಿಕೊಂಡವರು, ಲಕ್ವ ಹೊಡೆದು ಎದ್ದವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ಅವರಲ್ಲಿ ಗಾಳದ ರುಚಿ ಹತ್ತಿದವರು ಎರಡು ಬಗೆಯ ತಪ್ಪು ಮಾಡುತ್ತಾರೆ. ಕೆಲವರು ಕಾಯಿಲೆ ಗೊತ್ತಾದ ದಿನವೇ ಗಾಳ ಅಟ್ಟಕ್ಕೆ ಹಾಕುತ್ತಾರೆ. ಉಳಿದವರು ಏನೂ ಆಗಿಲ್ಲವೆಂಬಂತೆ ಹಳೇ ಜಾಗಕ್ಕೆ ಹಳೇ ಹವಾಯಿ ಚಪ್ಪಲಿಯಲ್ಲೇ ಹೋಗುತ್ತಾರೆ. ಎರಡನೆಯದು ಹೆಚ್ಚು ಅಪಾಯದ ದಾರಿ.

ಮೊದಲು ಆಗಬೇಕಾದದ್ದು ಚಿಕಿತ್ಸೆ ಕೊಡುತ್ತಿರುವ ವೈದ್ಯರ ಹತ್ತಿರ ಮಾತು. ‘ಮೀನು ಹಿಡಿಯಲು ಹೋಗಬಹುದಾ’ ಎಂದು ಕೇಳಿದರೆ ‘ಬೇಡ’ ಎಂಬ ಉತ್ತರವೇ ಬರುತ್ತದೆ. ಬಿಡಿಸಿ ಕೇಳಬೇಕು: ಮೂರು ಗಂಟೆ ಕೂರಬಹುದೇ, ಇಳಿಜಾರಿನಲ್ಲಿ ನೂರು ಹೆಜ್ಜೆ ನಡೆಯಬಹುದೇ, ಎರಡು ಕೆಜಿ ಭಾರ ಎಳೆಯಬಹುದೇ, ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಕೈಗೆ ಗಾಯವಾದರೆ ಏನು ಮಾಡಬೇಕು. ಹೃದಯಾಘಾತವಾಗಿ ಇನ್ನೂ ಚೇತರಿಸಿಕೊಳ್ಳುತ್ತಿರುವವರು, ಪಾದದಲ್ಲಿ ಮಾಗದ ಹುಣ್ಣು ಇರುವವರು ಕಾಯಲೇಬೇಕು.

ಎರಡನೆಯದು ಜಾಗ. ಹತ್ತಿರದ್ದೆಂದರೆ ಮಡಿವಾಳ ಕೆರೆ. ಅಗರ, ಸಾರಕ್ಕಿ, ಪುಟ್ಟೇನಹಳ್ಳಿ, ಹುಳಿಮಾವು ಕೆರೆಗಳೂ ದೂರವಿಲ್ಲ. ಆದರೆ ಕೆರೆ ಹತ್ತಿರವಿದೆ ಎಂದ ಮಾತ್ರಕ್ಕೆ ಗಾಳ ಹಾಕುವ ಹಕ್ಕು ಬರುವುದಿಲ್ಲ. ಕೆರೆಯ ಮೀನು ಸಾಮಾನ್ಯವಾಗಿ ಗುತ್ತಿಗೆದಾರರದ್ದೋ ಮೀನುಗಾರರ ಸಹಕಾರ ಸಂಘದ್ದೋ ಆಗಿರುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆದೇ ಹೋಗಬೇಕು. ಊರೊಳಗಿನ ಕೆರೆಗಳಿಗೆ ಚರಂಡಿ ನೀರು ಸೇರುತ್ತದೆ ಎಂಬುದು ಇನ್ನೊಂದು ಮಾತು. 2016ರ ಬೇಸಿಗೆಯಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ನಗರ ಮರೆತಿಲ್ಲ. ಅಂಥ ನೀರಿನ ಮೀನನ್ನು ಮನೆಗೆ ತರದಿರುವುದೇ ಲೇಸು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಆ ನೀರಿಗೆ ಕೈ ಅದ್ದುವುದೂ ಬೇಡ. ನಡೆಯಲು ಕಷ್ಟವಿರುವವರಿಗೆ ಊರಾಚೆ ಶುಲ್ಕ ಪಡೆದು ಗಾಳಕ್ಕೆ ಬಿಡುವ ಖಾಸಗಿ ಕೊಳಗಳೇ ಅನುಕೂಲ. ಕಾರು ನೀರಿನ ಹತ್ತಿರದವರೆಗೆ ಹೋಗುತ್ತದೆ, ನೆರಳು ಇರುತ್ತದೆ, ಶೌಚಾಲಯ ಇರುತ್ತದೆ. ಶುಗರ್ ಇರುವವರಿಗೆ, ಬಿಪಿಗೆ ನೀರಿಳಿಸುವ ಮಾತ್ರೆ ತಿನ್ನುವವರಿಗೆ ಈ ಕೊನೆಯದು ಸಣ್ಣ ವಿಷಯವಲ್ಲ.

ಕೂರುವ ಸ್ಥಳ ಆರಿಸುವಾಗ ಮೀನು ಎಲ್ಲಿದೆ ಎಂದು ನೋಡುವ ಮೊದಲು ವಾಪಸ್ ಹತ್ತುವ ದಾರಿ ಹೇಗಿದೆ ಎಂದು ನೋಡಬೇಕು. ತೂಬಿನ ಕಲ್ಲುಕಟ್ಟಡ, ಕೋಡಿಯ ಪಾಚಿ ಹಿಡಿದ ಬಂಡೆ ಎರಡೂ ಬೇಡ. ಏರಿಯ ಮೇಲೆ ಸಮತಟ್ಟಾದ ಕಡೆ ಬೆನ್ನಿಗೆ ಒರಗು ಇರುವ ಮಡಚುವ ಕುರ್ಚಿ ಹಾಕಿಕೊಂಡು ಕೂರಬೇಕು. ಮಂಡಿ ನೋವಿನವರು ಕುಕ್ಕರಗಾಲಿನಲ್ಲಿ ಕೂತು ಗಾಳ ಹಾಕುವ ಹಳೆಯ ರೂಢಿ ಬಿಟ್ಟುಬಿಡಬೇಕು. ತಲೆಯ ಮೇಲೆ ಕರೆಂಟ್ ತಂತಿ ಹಾದುಹೋಗಿದ್ದರೆ ಆ ಜಾಗಕ್ಕೆ ಕಾಲಿಡಬಾರದು. ಕಾರ್ಬನ್ ರಾಡ್‌ನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ.

ಇನ್ನು ಪಾದ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಮಂಕಾಗುತ್ತವೆ. ಮುಳ್ಳು ಚುಚ್ಚಿದ್ದು, ಬಂಡೆ ಸುಟ್ಟದ್ದು, ಶೂ ಕಚ್ಚಿದ್ದು ತಿಳಿಯುವುದಿಲ್ಲ. ನೋವಿಲ್ಲದ ಕಾಲನ್ನು ಗಟ್ಟಿ ಕಾಲು ಎಂದುಕೊಳ್ಳುವುದು ಇಲ್ಲಿಯ ದೊಡ್ಡ ಮೋಸ. ಬೆಂಗಳೂರಿನ ಸುತ್ತಲ ಕೆರೆ ಏರಿಗಳಲ್ಲಿ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಅದರ ಒಣ ಮುಳ್ಳು ಹವಾಯಿ ಚಪ್ಪಲಿಯ ಅಟ್ಟೆಯನ್ನು ಸೂಜಿಯಂತೆ ದಾಟುತ್ತದೆ. ಕಾಲಿನ ಸ್ಪರ್ಶ ಚೆನ್ನಾಗಿರುವವರು ಮೊದಲ ಹೆಜ್ಜೆಗೇ ‘ಅಯ್ಯೋ’ ಎಂದು ನಿಲ್ಲುತ್ತಾರೆ. ಶುಗರ್‌ನವರು ಅದೇ ಮುಳ್ಳಿನ ಮೇಲೆ ಮೂರು ಗಂಟೆ ಓಡಾಡಿ, ಬಸ್ಸು ಹಿಡಿದು, ಮನೆ ಹೊಸಿಲಲ್ಲಿ ಚಪ್ಪಲಿ ಬಿಡುತ್ತಾರೆ. ಮೊಸಾಯಿಕ್ ನೆಲದ ಮೇಲೆ ಒಂದೇ ಪಾದದ ಗುರುತು ಕೆಂಪಾಗಿ ಬಾಗಿಲಿನಿಂದ ಅಡುಗೆಮನೆಯವರೆಗೆ ಮೂಡಿರುತ್ತದೆ. ಅದನ್ನು ಮೊದಲು ಕಾಣುವುದು ಮನೆಯವರು. ಚಪ್ಪಲಿ ತಿರುವಿ ಹಾಕಿದರೆ ಮುರಿದ ಮುಳ್ಳಿನ ಬುಡ ಅಟ್ಟೆಯಲ್ಲೇ ಇರುತ್ತದೆ, ತುದಿ ಕಾಲಿನೊಳಗೆ.

ಆಮೇಲೆ ನಡೆಯುವುದು ಇನ್ನೂ ಕೆಟ್ಟದ್ದು. ಗಾಯಕ್ಕೆ ಕಾಫಿಪುಡಿ ಮೆತ್ತುತ್ತಾರೆ, ಇಲ್ಲವೇ ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುತ್ತಾರೆ. ಸ್ಪರ್ಶವಿಲ್ಲದ ಕಾಲಿಗೆ ನೀರು ಎಷ್ಟು ಬಿಸಿ ಎಂದು ತಿಳಿಯುವುದಿಲ್ಲ. ಮುಳ್ಳಿನ ಗಾಯದ ಜೊತೆಗೆ ಸುಟ್ಟ ಬೊಬ್ಬೆ ಸೇರುತ್ತದೆ. ಬೆರಳು ತೆಗೆಯಬೇಕಾಗಿ ಬಂದ ಎಷ್ಟೋ ಪ್ರಕರಣಗಳ ಮೂಲ ಇಂಥ ಸಣ್ಣ ಗಾಯ, ಮನೆಮದ್ದಿನಲ್ಲಿ ಕಳೆದ ಎರಡು ವಾರ. ಈ ಒಂದು ವಿಷಯದಲ್ಲಿ ಅಜ್ಜಿಯ ಮದ್ದಿಗೆ ಮರ್ಯಾದೆ ಕೊಡುವ ಅಗತ್ಯವಿಲ್ಲ. ಗಾಯವನ್ನು ಹರಿಯುವ ಶುದ್ಧ ನೀರು, ಸೋಪಿನಲ್ಲಿ ತೊಳೆದು, ಒಣ ಬಟ್ಟೆ ಸುತ್ತಿ, ಅದೇ ದಿನ ವೈದ್ಯರಿಗೆ ತೋರಿಸಬೇಕು. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಎಂಬುದನ್ನೂ ಹೇಳಬೇಕು.

ಕಾಲಿನ ಸ್ಪರ್ಶ ಹೇಗಿದೆ ಎಂದು ತಿಳಿಯುವುದು ಕಷ್ಟವಲ್ಲ. ಆಸ್ಪತ್ರೆಯಲ್ಲಿ ಸಣ್ಣ ನೈಲಾನ್ ಎಳೆಯನ್ನು ಪಾದದ ಹಲವು ಕಡೆ ಒತ್ತಿ ನೋಡುತ್ತಾರೆ. ಗಾಳದವರ ತಂಗೂಸಿಯ ತುಂಡಿನಂತೆಯೇ ಇರುವ ಈ ಎಳೆ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಅದು ತಾಗಿದ್ದು ಗೊತ್ತಾಗದಿದ್ದರೆ ಬರಿಗಾಲು ಜೀವನಪೂರ್ತಿ ನಿಷಿದ್ಧ, ಕೆರೆಯಲ್ಲಂತೂ ಮೊದಲೇ ನಿಷಿದ್ಧ. ಶುಗರ್‌ನವರಿಗೆಂದು ಮಾರುವ ಮೆತ್ತನೆಯ ಎಂಸಿಆರ್ ಚಪ್ಪಲಿ ಮನೆಗೆ, ರಸ್ತೆಗೆ ಸರಿ. ಜಾಲಿ ಮುಳ್ಳಿಗೆ ಅದು ಬೆಣ್ಣೆ. ಕೆರೆಗೆ ಬೇಕಾದದ್ದು ಗಟ್ಟಿ ಅಟ್ಟೆಯ, ಬೆರಳು ಮುಚ್ಚುವ, ಸ್ವಲ್ಪ ಅಗಲವಾದ ಶೂ. ಒಳಗೆ ಮೆತ್ತನೆಯ ಅಟ್ಟೆ. ಬಿಳಿ ಹತ್ತಿಯ ಕಾಲುಚೀಲ. ಬಿಳಿಯದೇ ಏಕೆಂದರೆ ರಕ್ತದ ಕಲೆ ಅದರಲ್ಲಿ ಅಡಗುವುದಿಲ್ಲ. ಹಾಕಿಕೊಳ್ಳುವ ಮೊದಲು ಶೂ ಒಳಗೆ ಕೈಯಾಡಿಸಬೇಕು. ಗಾಳ ಹಾಕುವಾಗ ಕೆಳಗೆ ಬಿದ್ದ ಸೀಸದ ಗುಂಡು, ಮುರಿದ ಕೊಕ್ಕೆ ಶೂ ಒಳಗೆ ಸೇರಿರುವುದುಂಟು. ಮನೆಗೆ ಬಂದ ಮೇಲೆ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಬೇಕು. ಕಣ್ಣು ಮಂಜಾದವರು ಮನೆಯವರಿಂದ ನೋಡಿಸಬೇಕು. ಇಷ್ಟು ಮಾಡಲು ಬೇಸರವಾದರೆ ಆ ದಿನ ಗಾಳ ಮುಟ್ಟದಿರುವುದೇ ವಾಸಿ.

ಪಾದದಷ್ಟಲ್ಲದಿದ್ದರೂ ಕೈಗೂ ಇದೇ ಮಾತು. ಜಿಲೇಬಿ ಮೀನಿನ ಬೆನ್ನಿನ ಮುಳ್ಳು, ಚೇಳುಮೀನಿನ ಕೊಂಡಿ ಬರಿಗೈಗೆ ತಾಗಬಾರದು. ಒದ್ದೆ ಬಟ್ಟೆಯಲ್ಲಿ ಮೀನನ್ನು ಅಮುಕಿ ಹಿಡಿದು, ಕೊಕ್ಕೆಯನ್ನು ಕಟಿಂಗ್ ಪ್ಲೇಯರ್‌ನಿಂದ ತೆಗೆಯಬೇಕು. ಕೊಕ್ಕೆಯ ಮರುಮುಳ್ಳನ್ನು ಮನೆಯಲ್ಲೇ ಪ್ಲೇಯರ್‌ನಿಂದ ಚಪ್ಪಟೆ ಮಾಡಿಕೊಂಡರೆ ಕೈಗೆ ಚುಚ್ಚಿದರೂ ಸಲೀಸಾಗಿ ಹೊರಬರುತ್ತದೆ. ಒಂದೆರಡು ಮೀನು ತಪ್ಪಿಸಿಕೊಳ್ಳಬಹುದು, ಹೋಗಲಿ. ಮರುಮುಳ್ಳಿರುವ ಕೊಕ್ಕೆ ಆಳಕ್ಕೆ ಇಳಿದರೆ ಎಳೆಯಬಾರದು. ತಂಗೂಸಿ ಕತ್ತರಿಸಿ, ಕೊಕ್ಕೆ ಇದ್ದಂತೆಯೇ ಆಸ್ಪತ್ರೆಗೆ ಹೋಗಬೇಕು. ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಿನ್ನುವವರಿಗೆ ರಕ್ತ ನಿಲ್ಲುವುದು ತಡ. ಬಟ್ಟೆ ಒತ್ತಿ ಹತ್ತು ನಿಮಿಷ ಕೈ ತೆಗೆಯದೆ ಹಿಡಿದಿರಬೇಕು. ಎರಡೆರಡು ನಿಮಿಷಕ್ಕೆ ಎತ್ತಿ ನೋಡಿದರೆ ನಿಂತ ರಕ್ತ ಮತ್ತೆ ಹರಿಯುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರು ಸಮಯ ತಪ್ಪಿಸುವ ಜಾಗ ಕೆರೆಯ ದಡ. ಬೆಳಿಗ್ಗೆ ಆರಕ್ಕೆ ಚುಚ್ಚಿಕೊಂಡು ಹೊರಟವರು ಬೆಂಡು ಅಲ್ಲಾಡತೊಡಗಿದರೆ ತಿಂಡಿ ಡಬ್ಬಿ ಮರೆಯುತ್ತಾರೆ. ಬೆವರು, ಕೈ ನಡುಕ, ತೊದಲು ಮಾತು ಶುರುವಾದಾಗ ಅಕ್ಕಪಕ್ಕದವರು ಕುಡಿದಿದ್ದಾನೆ ಎಂದುಕೊಂಡು ಸುಮ್ಮನಾಗುತ್ತಾರೆ. ಆದ್ದರಿಂದ ತಿಂಡಿ ಮುಗಿಸಿಯೇ ಗಾಳ ಬಿಚ್ಚಬೇಕು, ಜೊತೆಯವರಿಗೆ ಕಾಯಿಲೆಯ ವಿಷಯ ಹೇಳಿರಬೇಕು, ಅಂಗಿಯ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೊಂಡಿರಬೇಕು. ಸಕ್ಕರೆ ಮಟ್ಟ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಇನ್ಸುಲಿನ್ ಪೆನ್ನನ್ನು ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟರೆ ಅದು ಕೆಡುತ್ತದೆ. ಬಾಯಗಲದ ಫ್ಲಾಸ್ಕಿನಲ್ಲಿ ಒದ್ದೆ ಬಟ್ಟೆ ಸುತ್ತಿ ಇಡಬಹುದು, ಐಸಿಗೆ ನೇರ ತಾಗಿಸಬಾರದು.

ಲಕ್ವದಿಂದ ಒಂದು ಕೈ ಸೋತವರು ಗಾಳ ಬಿಡಬೇಕಿಲ್ಲ, ಉಪಕರಣ ಬದಲಿಸಿದರೆ ಸಾಕು. ಎರಡಡಿ ಪಿವಿಸಿ ಪೈಪಿನ ಒಂದು ತುದಿಯನ್ನು ಓರೆಯಾಗಿ ಕೊಯ್ದು ನೆಲಕ್ಕೆ ಹೂಳಿದರೆ ರಾಡ್ ನಿಲ್ಲಿಸುವ ಗೂಟವಾಗುತ್ತದೆ; ಹಾರ್ಡ್‌ವೇರ್ ಅಂಗಡಿಯ ತುಂಡು ಪೈಪೇ ಸಾಕು, ವಿದೇಶಿ ಸ್ಟ್ಯಾಂಡಿಗೆ ದುಡ್ಡು ಸುರಿಯಬೇಕಿಲ್ಲ. ಸ್ಪಿನ್ನಿಂಗ್ ರೀಲಿನ ಹಿಡಿಕೆಯನ್ನು ಬಿಚ್ಚಿ ಎಡಕ್ಕೋ ಬಲಕ್ಕೋ ಹಾಕಬಹುದು ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಗುಂಡಿ ಒತ್ತಿ ಎಸೆಯುವ ಮುಚ್ಚಿದ ಬಾಯಿಯ ರೀಲು ಒಂದೇ ಕೈಗೆ ಇನ್ನೂ ಸುಲಭ. ಪಾರ್ಕಿನ್‌ಸನ್ ನಡುಕ ಇರುವವರು ಗಂಟು ಹಾಕುವ ಕೆಲಸವನ್ನು ದಡದಲ್ಲಿ ಇಟ್ಟುಕೊಳ್ಳಬಾರದು. ಹಿಂದಿನ ದಿನವೇ ಮನೆಯವರಿಂದ ಐದಾರು ಕೊಕ್ಕೆಗಳಿಗೆ ಗೇಣುದ್ದ ತಂಗೂಸಿ ಕಟ್ಟಿಸಿಟ್ಟರೆ, ಕೆರೆಯಲ್ಲಿ ಸ್ನ್ಯಾಪ್ ಸಿಕ್ಕಿಸುವುದಷ್ಟೇ ಉಳಿಯುತ್ತದೆ. ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತನ್ನೇ ಶಿಕಾರಿಯ ಹೊತ್ತಾಗಿ ಆರಿಸಿಕೊಳ್ಳಬೇಕು. ನಡುಗುವ ಬೆರಳಿಗೆ ಎರೆಹುಳು ಪೋಣಿಸುವುದಕ್ಕಿಂತ ಮೈದಾ, ರಾಗಿಹಿಟ್ಟು ಕಲಸಿದ ಉಂಡೆ ಮೆತ್ತುವುದು ಸುಲಭ. ಗೆಂಡೆ ಮೀನಿಗೂ ಅದು ಇಷ್ಟ. ಕಣ್ಣು ಕಾಣದವರು ಬೆಂಡು ಬಿಟ್ಟು ರಾಡಿನ ತುದಿಗೆ ಒಂದು ಗೆಜ್ಜೆ ಕಟ್ಟಿದರೆ ಮೀನು ಎಳೆದದ್ದು ಕಿವಿಗೆ ಕೇಳುತ್ತದೆ.

ಗಾಲಿಕುರ್ಚಿಯನ್ನು ನೀರಿಗೆ ಮುಖ ಮಾಡಿ ನಿಲ್ಲಿಸಬಾರದು. ದಡಕ್ಕೆ ಸಮಾನಾಂತರವಾಗಿ, ನೀರಿನಿಂದ ಎಂಟು ಹತ್ತು ಅಡಿ ಹಿಂದೆ, ಚಕ್ರದ ಕೆಳಗೆ ಪ್ಲೈವುಡ್ ಹಲಗೆ ಹಾಕಿ, ಬ್ರೇಕ್ ಜೊತೆಗೆ ಕಲ್ಲನ್ನೂ ಅಡ್ಡ ಇಟ್ಟು ನಿಲ್ಲಿಸಬೇಕು. ಲೈಫ್ ಜಾಕೆಟ್ ಇರಬೇಕು, ಆದರೆ ಮೈಯನ್ನು ಕುರ್ಚಿಗೆ ಬಿಗಿಯುವ ಬೆಲ್ಟ್ ದಡದಲ್ಲಿ ಬೇಡ. ಉರುಳಿದರೆ ಕುರ್ಚಿಯೇ ಕೆಳಗೆಳೆಯುತ್ತದೆ. ಬೆಲ್ಟ್ ಇಲ್ಲದೆ ಕೂರಲಾಗದವರು ಇನ್ನಷ್ಟು ಹಿಂದೆ, ಸಮತಟ್ಟಾದ ಕಟ್ಟೆಯ ಮೇಲೆ ಜೊತೆಗಾರರೊಂದಿಗೆ ಕೂರಬೇಕು. ಕುರ್ಚಿಯನ್ನು ಮೈಗೆ ತಕ್ಕಂತೆ ಹೊಂದಿಸಿಕೊಳ್ಳಲು, ಕ್ಯಾಲಿಪರ್, ಕೃತಕ ಕಾಲು ಮಾಡಿಸಲು ಜೆ.ಪಿ. ನಗರ 2ನೇ ಹಂತದ ಮೊಬಿಲಿಟಿ ಇಂಡಿಯಾ ಹತ್ತಿರದ ಜಾಗ. ಎರಡು ಗಂಟೆಗೂ ಹೆಚ್ಚು ಒಂದೇ ಸಮ ಕೂತರೆ ಪೃಷ್ಠದಲ್ಲಿ ಹುಣ್ಣಾಗಬಹುದು. ಕೈಯೂರಿ ಎದ್ದು ಕೂರುವುದನ್ನು ಕಾಲು ಗಂಟೆಗೊಮ್ಮೆ ಮರೆಯದೆ ಮಾಡಬೇಕು.

ಉಳಿದವರಿಗೆ ಚುಟುಕಾಗಿ. ಡಯಾಲಿಸಿಸ್ ಮಾಡಿಸುವವರು ಫಿಸ್ಟುಲಾ ಇರುವ ತೋಳಿನಲ್ಲಿ ರಾಡ್ ಹಿಡಿಯಬಾರದು, ಡಯಾಲಿಸಿಸ್ ಇಲ್ಲದ ದಿನವೇ ಹೋಗಬೇಕು, ಕುಡಿಯುವ ನೀರಿನ ಮಿತಿ ಮೀರದಂತೆ ಬಿಸಿಲೇರುವ ಮೊದಲು ಮರಳಬೇಕು. ಪೇಸ್‌ಮೇಕರ್ ಇರುವವರು ಅಯಸ್ಕಾಂತದ ಮುಚ್ಚಳವಿರುವ ಗಾಳದ ಡಬ್ಬಿಯನ್ನು ಎದೆಯ ಜೇಬಿನಲ್ಲಿಡಬಾರದು. ಮೂರ್ಛೆರೋಗ ಇರುವವರು ಮಾತ್ರೆ ತಪ್ಪಿಸಿದ ದಿನ, ನಿದ್ದೆಗೆಟ್ಟ ದಿನ ಹೋಗಬಾರದು. ಉಳಿದ ದಿನವೂ ಈಜು ಬಲ್ಲ ಒಬ್ಬರು ಕೈಯಳತೆಯಲ್ಲಿ ಇರಬೇಕು. ಹೋಗುವ ಜಾಗದ ಹೆಸರನ್ನು ಮನೆಯಲ್ಲಿ ಬರೆದಿಟ್ಟು ಹೊರಡಬೇಕು. ಆಂಬುಲೆನ್ಸ್‌ಗೆ 108, ಕರೆ ಮಾಡಿದಾಗ ಕೆರೆಯ ಹೆಸರು ಹೇಳಿದರೆ ಸಾಲದು, ಏರಿಯ ಯಾವ ಬದಿ, ಯಾವ ಗೇಟು ಎಂಬುದನ್ನೂ ಹೇಳಬೇಕು.