ದೆಹಲಿಯಿಂದ ಬರುವ ಅಗ್ಗದ ಬೆನ್ಜ್

2015ರಲ್ಲಿ ಹಸಿರು ನ್ಯಾಯಮಂಡಳಿ 10 ವರ್ಷ ದಾಟಿದ ಡೀಸೆಲ್ ಕಾರುಗಳಿಗೆ ನಿರ್ಬಂಧ ಹೇರಿದ ಮೇಲೆ ದೆಹಲಿಯ ಆಡಿ, ಬೆನ್ಜ್‌ಗಳು ಅಗ್ಗವಾಗಿ ನಮ್ಮ ಕಡೆ ಬರತೊಡಗಿದವು. ಬರೀ ಫೋಟೊ ನೋಡಿ ಮುಂಗಡ ಕಳಿಸಬೇಡಿ.

ಮೊದಲು ತೆರಿಗೆಯ ಲೆಕ್ಕ ಹಾಕಿ. ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸುವಾಗ ಆಜೀವ ತೆರಿಗೆ ಕಟ್ಟಲೇಬೇಕು. ಅದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ. ವಯಸ್ಸಿಗೆ ತಕ್ಕ ಕಡಿತ ಉಂಟು, ಅಷ್ಟೆ. ಅಗ್ಗವೆಂಬ ಭ್ರಮೆ ಎಷ್ಟೋ ಸಲ ಇಲ್ಲೇ ಇಳಿದುಹೋಗುತ್ತದೆ.

ದೆಹಲಿಯ ಆರ್‌ಟಿಒದಿಂದ ನಮೂನೆ 28ರ ಎನ್‌ಒಸಿ, ಸಾಲವಿದ್ದರೆ ಬ್ಯಾಂಕಿನ ನಮೂನೆ 35 ಸಿಗದೆ ಪೂರ್ತಿ ಹಣ ಕೊಡಬೇಡಿ.

ಅಲ್ಲಿನ ಸ್ವತಂತ್ರ ಮೆಕ್ಯಾನಿಕ್ ಒಬ್ಬರಿಗೆ ದುಡ್ಡು ಕೊಟ್ಟು ತೋರಿಸಿ. ಮಾರುವವರು ಸೂಚಿಸಿದವರು ಬೇಡ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಸಿ, ವಿಡಿಯೊ ಕರೆಯಲ್ಲಿ ನೀವೇ ನೋಡಿ: ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೆರೆಯಲ್ಲಿ ಮುಳುಗಿದ್ದಿರಬಹುದು. ಏರ್ ಸಸ್ಪೆನ್ಷನ್ ಇದ್ದರೆ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಒಂದು ಮೂಲೆ ಕುಸಿದಿದೆಯೇ ಎಂದು ಕೇಳಿ. ಅದರ ರಿಪೇರಿ ಲಕ್ಷಗಳ ಬಾಬತ್ತು.

ಓಡಿಸಿಕೊಂಡು ಬಂದು ಕೊಡುತ್ತೇವೆ ಎಂದರೆ ಒಪ್ಪಬೇಡಿ, ಲಾರಿಯಲ್ಲೇ ಕಳಿಸಲಿ.