ಮರಿ ಪೈಪು ಕಚ್ಚುತ್ತಾ? ತೋಟದ ನಾಯಿಗೆ ಕಚ್ಚಲು ಏನು ಕೊಡಬೇಕು, ಏನು ಕೊಡಬಾರದು



ಪ್ರತಿ ವಾರ ಬೆಳೆ, ಗೊಬ್ಬರ, ಕೀಟ ಅಂತ ಬರೆಯುವವನು ಈ ವಾರ ನಾಯಿ ಬಗ್ಗೆ ಯಾಕೆ ಬರೆದ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ಹೊಸದಾಗಿ ನಾಯಿಮರಿ ತಂದ ರೈತರೊಬ್ಬರು ಫೋನ್ ಮಾಡಿ, "ಡ್ರಿಪ್ ಪೈಪು ಒಂದೂ ಉಳಿಸ್ತಿಲ್ಲ ಸಾರ್. ಪೈಪಿಗೆ ಏನು ಬಳಿದ್ರೆ ಮುಟ್ಟಲ್ಲ ಹೇಳಿ" ಅಂತ ಕೇಳಿದರು. ಪೈಪಿಗೆ ಏನು ಬಳಿಯಬೇಕು ಅನ್ನೋದಕ್ಕಿಂತ ಮರಿಯ ಬಾಯಿಗೆ ಏನು ಕೊಡಬೇಕು ಅನ್ನೋದು ಮುಖ್ಯ ಎಂದೆ. ಇದನ್ನು ನಾನು ಕಲಿತದ್ದು ತೋಟಗಾರಿಕೆ ಕಾಲೇಜಿನಲ್ಲಲ್ಲ, ನಮ್ಮ ಕೆಂಚನಿಗೆ ಹೊಟ್ಟೆ ಆಪರೇಷನ್ ಮಾಡಿಸಿದ ಮೇಲೆ.

ಕೆಂಚ ನಮ್ಮ ತೋಟಕ್ಕೆ ಬಂದಾಗ ಎರಡು ತಿಂಗಳ ಮರಿ. ನಾಲ್ಕನೇ ತಿಂಗಳಿಗೆ ಮೆಣಸಿನಕಾಯಿ ತಾಕಿನ 16 ಎಂಎಂ ಲ್ಯಾಟರಲ್ ಪೈಪು ಕಡಿಯಲು ಶುರು ಮಾಡಿದ. ದಿನಾ ಬೆಳಿಗ್ಗೆ ಜಾಯಿನರ್ ಹಿಡ್ಕೊಂಡು ಓಡಾಡೋದೇ ನನ್ನ ಕೆಲಸ ಆಯ್ತು. ಅಪ್ಪ ಬೈದರು. ನಾನು ಕಟ್ಟಿ ಹಾಕಿದೆ. ಕಟ್ಟಿದ ಹಗ್ಗವನ್ನೂ ಕಡಿದ. ಒಂದು ಸಂಜೆ ಮನೆಯವರೆಲ್ಲ ಮುಸುಕಿನ ಜೋಳ ಬೇಯಿಸಿ ತಿಂತಾ ಕೂತಿದ್ದೆವು. ಕಾಳು ಬಿಡಿಸಿದ ದಿಂಡನ್ನು "ತಗೋ, ಇದನ್ನಾದ್ರೂ ಕಚ್ಚು" ಅಂತ ನಾನೇ ಎಸೆದೆ. ಅವನು ಖುಷಿಯಾಗಿ ಕಚ್ಚಿಕೊಂಡು ಕೂತ. ಪೈಪು ಉಳಿಯಿತು ಅಂತ ನನಗೂ ಸಮಾಧಾನ.

ಎರಡು ದಿನ ಬಿಟ್ಟು ವಾಂತಿ ಶುರುವಾಯಿತು. ಅಜೀರ್ಣ ಇರಬೇಕು ಅಂತ ಅಮ್ಮ ಮಜ್ಜಿಗೆ ಕುಡಿಸಿದರು. ಅದೂ ಹೊರಗೆ ಬಂತು. ಮೂರನೇ ದಿನ ಮುಂಗಾಲು ಚಾಚಿ, ಎದೆ ನೆಲಕ್ಕೆ ಒತ್ತಿ, ಹಿಂಭಾಗ ಎತ್ತಿಕೊಂಡು ನಿಂತಿದ್ದ. ಏನೋ ಆಟ ಆಡ್ತಿದಾನೆ ಅಂದುಕೊಂಡೆ. ಡಾಕ್ಟ್ರು ನೋಡಿದ ಕೂಡಲೇ, "ಇದು ಆಟ ಅಲ್ಲಪ್ಪ, ಹೊಟ್ಟೆನೋವು. ತಿನ್ನೋಕೆ ಏನು ಕೊಟ್ಟಿದ್ರಿ?" ಅಂದರು. ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಲಿಲ್ಲ, ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಎರಡು ಇಂಚಿನ ದಿಂಡಿನ ತುಂಡು ಸಣ್ಣ ಕರುಳಿನಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ದಿನ ತಡ ಮಾಡಿದ್ದರೆ ಕರುಳು ಕೊಳೆತು ತೂತಾಗುತ್ತಿತ್ತಂತೆ. ಆಪರೇಷನ್‌ಗೆ ಕೊಟ್ಟ ದುಡ್ಡಲ್ಲಿ ಅರ್ಧ ಎಕರೆಗೆ ಹೊಸ ಲ್ಯಾಟರಲ್ ಹಾಕಿಸಬಹುದಿತ್ತು. ದುಡ್ಡಿನ ಮಾತು ಬಿಡಿ, ಆ ದಿಂಡು ಎಸೆದ ಕೈ ನಂದೇ ಅನ್ನೋದು ಇವತ್ತಿಗೂ ಮರೆತಿಲ್ಲ.

ಮರಿ ಯಾಕೆ ಕಚ್ಚುತ್ತೆ?

ನಾಯಿಮರಿಗೆ 28 ಹಾಲುಹಲ್ಲು. ಸುಮಾರು ಮೂರೂವರೆ, ನಾಲ್ಕು ತಿಂಗಳಿಗೆ ಅವು ಬೀಳಲು ಶುರುವಾಗಿ ಏಳು ತಿಂಗಳೊಳಗೆ 42 ಶಾಶ್ವತ ಹಲ್ಲು ಬರುತ್ತವೆ. ಆ ಸಮಯದಲ್ಲಿ ವಸಡು ನವೆಯಾಗುತ್ತೆ, ನೋಯುತ್ತೆ. ಮೆತ್ತಗಿರೋದು, ತಣ್ಣಗಿರೋದು ಸಿಕ್ಕಿದರೆ ಬಿಡಲ್ಲ. ಒಳಗೆ ನೀರು ಹರಿಯೋ ಡ್ರಿಪ್ ಪೈಪು ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತೆ. ಬಾಯಾರಿಕೆಯಾದ ನಾಯಿಯೂ ಪೈಪು ಕಡಿಯುತ್ತೆ. ಹಲ್ಲು ಬಂದ ಮೇಲೂ ಬೇಸರ ಕಳೆಯೋಕೆ ಕಚ್ಚುತ್ತೆ. ಹಗಲೆಲ್ಲ ಕಟ್ಟಿ ಹಾಕಿದ ನಾಯಿಯಂತೂ ಇನ್ನೂ ಜಾಸ್ತಿ.

ಹಾಗಾಗಿ ಕಚ್ಚೋದನ್ನು ನಿಲ್ಲಿಸೋಕೆ ಆಗಲ್ಲ. ನಾವು ಸರಿಯಾದ ವಸ್ತು ಕೊಡದಿದ್ದರೆ ಅದೇ ಒಂದನ್ನು ಹುಡುಕಿಕೊಳ್ಳುತ್ತೆ. ಇನ್ನು ತೋಟದಲ್ಲಿ ಅದಕ್ಕೆ ಸಿಗೋದರಲ್ಲಿ ಬಹುಪಾಲು ಅಪಾಯದ್ದೇ.

ಕೊಡುವ ಮುಂಚೆ ನಾಲ್ಕು ಪರೀಕ್ಷೆ

1. ಗಾತ್ರ: ವಸ್ತು ಪೂರ್ತಿಯಾಗಿ ಬಾಯೊಳಗೆ ಹೋಗಬಾರದು. ಕೋರೆಹಲ್ಲು ದಾಟಿ ಹಿಂದಕ್ಕೆ ಜಾರುವಷ್ಟು ಸಣ್ಣ ಚೆಂಡು ಗಂಟಲಿಗೆ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತೆ. ಮರಿಗೆ ತಂದ ಚೆಂಡು ದೊಡ್ಡ ನಾಯಿಗೆ ಆಗಲ್ಲ. ಮರಿ ಬೆಳೆದ ಹಾಗೆ ಬದಲಾಯಿಸಿ.

2. ಗಡಸು: ಹೆಬ್ಬೆರಳ ಉಗುರಿನಿಂದ ಒತ್ತಿ. ಸ್ವಲ್ಪವಾದರೂ ಗುರುತು ಬೀಳಬೇಕು. ಬೀಳದಿದ್ದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ ಎಂದರ್ಥ. ಮೇಲ್ದವಡೆಯ ದೊಡ್ಡ ಹಲ್ಲು ಸೀಳಿದರೆ ಬೇರಿನ ತನಕ ಕೀವಾಗಿ ಕಣ್ಣಿನ ಕೆಳಗೆ ಊತ ಬರುತ್ತೆ.

3. ತುಂಡು: ಕೈಯಲ್ಲಿ ಹಿಂಡಿ, ಎಳೆದು ನೋಡಿ. ಚೂರಾಗುತ್ತಾ, ನಾರಾಗಿ ಬಿಚ್ಚುತ್ತಾ, ಚೂಪಾಗಿ ಸೀಳುತ್ತಾ? ಮೂರರಲ್ಲಿ ಯಾವುದಾದರೂ ಬೇಡ.

4. ಒಳಗೇನಿದೆ: ತಂತಿ, ಸೀಟಿ, ಗುಂಡಿ, ಬ್ಯಾಟರಿ, ಬಣ್ಣ, ಔಷಧದ ಉಳಿಕೆ ಇರಬಾರದು.

ಈ ನಾಲ್ಕರಲ್ಲಿ ಜೋಳದ ದಿಂಡು ಎಲ್ಲಿ ಫೇಲಾಯ್ತು ನೋಡಿ. ಗಾತ್ರ ಸರಿ ಇತ್ತು, ಗಡಸೂ ಸರಿ ಇತ್ತು, ವಿಷ ಇರಲಿಲ್ಲ. ಮೂರನೇದರಲ್ಲಿ ಫೇಲು. ಮುರಿದರೆ ನುಂಗುವಷ್ಟು ತುಂಡು, ನುಂಗಿದರೆ ಜೀರ್ಣವಾಗಲ್ಲ, ಕರುಳಲ್ಲಿ ಮುಂದಕ್ಕೂ ಸರಿಯಲ್ಲ. ಒಂದರಲ್ಲಿ ಫೇಲಾದರೂ ಕೊಡಬೇಡಿ.

ತೋಟದಲ್ಲಿ ಸಿಗುವ ಅಪಾಯದ ವಸ್ತುಗಳು

ಬೇಯಿಸಿದ ಮೂಳೆ: ಹಬ್ಬದ ಮಾರನೇ ದಿನ ಎಲ್ಲರ ಮನೆ ನಾಯಿಗೂ ಸಿಗೋದು ಇದೇ. ಬೆಂದ ಮೂಳೆ ಸೂಜಿಯ ಹಾಗೆ ಸೀಳುತ್ತೆ, ಕೋಳಿ ಮೂಳೆ ಇನ್ನೂ ಹೆಚ್ಚು. ಗಂಟಲು, ಕರುಳು ಚುಚ್ಚಬಹುದು. ಚುಚ್ಚದಿದ್ದರೂ ಪುಡಿ ಗಟ್ಟಿಯಾಗಿ ಮಲ ಕಟ್ಟುತ್ತೆ. "ನಮ್ಮಜ್ಜನ ಕಾಲದಿಂದ ಹಾಕ್ತಿದೀವಿ, ಏನೂ ಆಗಿಲ್ಲ" ಅಂತೀರಿ. ಆಗಿದ್ದು ನಮಗೆ ಗೊತ್ತಾಗಿರಲಿಲ್ಲ ಅಷ್ಟೇ. ಹಿತ್ತಲಲ್ಲಿ ಸತ್ತ ನಾಯಿಗೆ ಯಾರೂ ಸ್ಕ್ಯಾನ್ ಮಾಡಿಸುತ್ತಿರಲಿಲ್ಲ.

ಮಾವಿನ ಓಟೆ, ಜೋಳದ ದಿಂಡು: ಎರಡೂ ಕರುಳಿಗೆ ಅಡ್ಡ ಕೂರುತ್ತವೆ. ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ.

ತೆಂಗಿನ ಸಿಪ್ಪೆ, ಹಗ್ಗ: ಸಿಪ್ಪೆಯ ಕಾಯಿ ಜೊತೆ ಆಡೋದು ನಾಯಿಗೆ ಬಲು ಇಷ್ಟ. ಉರುಳಿಸಿ ಆಡಲಿ, ನಾರು ಕಿತ್ತು ನುಂಗಲು ಶುರು ಮಾಡಿದರೆ ತೆಗೆದುಬಿಡಿ. ಉದ್ದ ನಾರು, ದಾರ, ಗೋಣಿಚೀಲದ ಎಳೆ ಬಹಳ ಕೆಟ್ಟದ್ದು. ಒಂದು ತುದಿ ಒಳಗೆ ಸಿಕ್ಕಿಕೊಂಡರೆ ಕರುಳು ನೆರಿಗೆ ಹಿಡಿದ ಹಾಗೆ ಮುದುರಿ, ದಾರ ಅದನ್ನು ಗರಗಸದ ಹಾಗೆ ಕೊಯ್ಯುತ್ತೆ.

ಹಳೇ ಟೈರು: ಸೈಕಲ್ ಟೈರಿನ ಅಂಚಿನಲ್ಲೂ ತಂತಿ ಇರುತ್ತೆ. ಕೊಡಬೇಡಿ.

ಹಸುವಿನ ಕೊಂಬು, ಗೊರಸು: ಉಗುರಿನ ಪರೀಕ್ಷೆಯಲ್ಲೇ ಫೇಲು. ಮಲೆನಾಡಿನ ಮಿತ್ರರಿಗೆ ಇನ್ನೊಂದು ಮಾತು. ಕಾಡಂಚಿನಲ್ಲಿ ಉದುರಿ ಬಿದ್ದ ಜಿಂಕೆ ಕೊಂಬನ್ನು ನಾಯಿಗೆ ಅಂತ ತಂದಿಟ್ಟುಕೊಂಡರೆ ಹಲ್ಲಿನ ತೊಂದರೆಗಿಂತ ದೊಡ್ಡ ತೊಂದರೆ ಆಗುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ.

ಕಡ್ಡಿ, ಕೊಂಬೆ: ಎಸೆದ ಕಡ್ಡಿ ಹಿಡಿಯಲು ಹೋಗಿ ಅಂಗಳಕ್ಕೆ, ಗಂಟಲಿಗೆ ಚುಚ್ಚಿಸಿಕೊಳ್ಳುತ್ತವೆ. ಬೇಲಿಯ ಕಡ್ಡಿ ಇನ್ನೂ ಅಪಾಯ. ಕಣಗಿಲೆಯ ಎಲೆ, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ. ಹಸಿರೆಲೆ ಗೊಬ್ಬರಕ್ಕೆ ನಾವೆಲ್ಲ ಬೆಳೆಸುವ ಗ್ಲಿರಿಸಿಡಿಯ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಅಂತ. ಅದರ ತೊಗಟೆ, ಬೀಜ ಇಲಿ ಪಾಷಾಣಕ್ಕೆ ಬಳಕೆಯಾದವು. ಕತ್ತರಿಸಿದ ಕೊಂಬೆ ಮರಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಹರಳು ಹಿಂಡಿ: ಸಾವಯವ ಕೃಷಿಕರು ಇದನ್ನು ಗಮನವಿಟ್ಟು ಓದಿ. ಸಾವಯವ ಅಂದ ತಕ್ಷಣ ಸುರಕ್ಷಿತ ಅಲ್ಲ. ಹರಳಿನಲ್ಲಿರುವ ರಿಸಿನ್ ವಿಷ, ಸರಿಯಾಗಿ ಬಿಸಿ ಮಾಡಿ ತೆಗೆಯದಿದ್ದರೆ, ಹಿಂಡಿಯಲ್ಲೂ ಉಳಿಯುತ್ತೆ. ವಾಸನೆಗೆ ನಾಯಿ ಮೂಟೆ ಹರಿದು ತಿನ್ನುತ್ತೆ. ಮೂಳೆಪುಡಿ ಬೆರೆಸಿದ್ದರೆ ಇನ್ನೂ ಆಸೆ. ಹಿಂಡಿ ಮೂಟೆ ಅಟ್ಟದ ಮೇಲಿರಲಿ. ಗಿಡಕ್ಕೆ ಹಾಕಿದ ಮೇಲೆ ಮಣ್ಣಲ್ಲಿ ಚೆನ್ನಾಗಿ ಬೆರೆಸಿ, ಕೆಲವು ದಿನ ನಾಯಿಯನ್ನು ಆ ಕಡೆ ಬಿಡಬೇಡಿ. ಬಸವನಹುಳುವಿನ ಮೆಟಾಲ್ಡಿಹೈಡ್ ಗುಳಿಗೆ, ಇಲಿ ಪಾಷಾಣ, ಔಷಧದ ಖಾಲಿ ಬಾಟಲಿ, ಮುಚ್ಚಳಗಳಿಗೂ ಇದೇ ಮಾತು.

ಅಂಗಡಿಯಲ್ಲಿ ಕೊಳ್ಳುವಾಗ

ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಆ ಆದೇಶ ಇರೋದು 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗೆ. ನಾಯಿ ಆಟಿಕೆಗೆ ಅನ್ವಯಿಸಲ್ಲ. ಅಂದರೆ ಪರೀಕ್ಷೆ ಮಾಡಬೇಕಾದವರು ನಾವೇ.

ನನ್ನ ಆಯ್ಕೆ ಗಟ್ಟಿ ರಬ್ಬರಿನ, ಒಳಗೆ ಟೊಳ್ಳಿರುವ ಆಟಿಕೆ. ಎರಡೂ ಕಡೆ ತೂತು ಇರಬೇಕು. ಒಂದೇ ತೂತಿದ್ದರೆ ನೆಕ್ಕುವಾಗ ಗಾಳಿ ಎಳೆದು ನಾಲಿಗೆ ಒಳಗೇ ಸಿಕ್ಕಿಕೊಳ್ಳಬಹುದು. ಘಾಟು ವಾಸನೆ ಇದ್ದರೆ, ಬಣ್ಣ ಕೈಗೆ ಹತ್ತಿದರೆ ವಾಪಸ್ ಇಡಿ. ಕೀಚ್ ಅನ್ನೋ ಗೊಂಬೆಯ ಸೀಟಿಯನ್ನು ಕಿತ್ತು ನುಂಗುತ್ತವೆ. ಬೆಳಕು ಬರುವ ಚೆಂಡಿನಲ್ಲಿ ಗುಂಡಿ ಬ್ಯಾಟರಿ ಇದ್ದು, ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಡುತ್ತೆ. ಟೆನಿಸ್ ಚೆಂಡಿನ ಒರಟು ಬಟ್ಟೆ ದಿನವಿಡೀ ಕಚ್ಚಿದರೆ ಹಲ್ಲು ಸವೆಸುತ್ತೆ. ಎಸೆದು ಆಡಿಸಿ ತೆಗೆದಿಡಿ.

ಚರ್ಮದಿಂದ ಮಾಡಿದ ಬಿಳಿ 'ಮೂಳೆ' ಎಲ್ಲ ಕಡೆ ಸಿಗುತ್ತೆ. ನೆನೆದರೆ ಉಬ್ಬಿ, ಜಾರುವ ತುಂಡಾಗುತ್ತೆ. ಆಸೆಬುರುಕ ನಾಯಿ ಅದನ್ನು ಇಡಿಯಾಗಿ ನುಂಗಲು ಹೋಗಿ ಉಸಿರು ಕಟ್ಟಿಸಿಕೊಳ್ಳುತ್ತೆ. ನಾನು ಕೊಡಲ್ಲ.

ಮನೆಯಲ್ಲೇ ಮಾಡಿ

ಹಲ್ಲು ಬರುವ ಮರಿಗೆ: ದಪ್ಪ ಹತ್ತಿ ಟವೆಲನ್ನು ಗಂಟು ಹಾಕಿ, ನೀರಲ್ಲಿ ನೆನೆಸಿ ಫ್ರೀಜರ್‌ನಲ್ಲಿಟ್ಟು ಕೊಡಿ. ತಣ್ಣಗಿದ್ದು ವಸಡಿಗೆ ಹಿತ. ಕರಗಿ ಮೆತ್ತಗಾದ ಮೇಲೆ ವಾಪಸ್ ತಗೊಳ್ಳಿ. ಎಳೆ ಬಿಟ್ಟಿದ್ದರೆ ಬಿಸಾಡಿ.

ಗೆಣಸಿನ ಪಟ್ಟಿ: ಗೆಣಸನ್ನು ಉದ್ದಕ್ಕೆ ಬೆರಳು ದಪ್ಪ ಸೀಳಿ, ಅರ್ಧ ಬೇಯಿಸಿ, ಸೋಲಾರ್ ಡ್ರೈಯರ್‌ನಲ್ಲಿ ಚರ್ಮದ ಹಾಗೆ ಬಾಗುವ ತನಕ ಒಣಗಿಸಿ. ಕಟಕಟ ಮುರಿಯುವಷ್ಟು ಒಣಗಿಸಬೇಡಿ. ಮಾರಾಟಕ್ಕಾಗದ ಗೆಣಸಿಗೆ ಇದು ಒಳ್ಳೇ ದಾರಿ.

ಕ್ಯಾರೆಟ್: ದಪ್ಪನೆಯದು, ಇಡಿಯಾಗಿ. ಗುಂಡಗೆ ಹೆಚ್ಚಿದ ಬಿಲ್ಲೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ರಾಗಿ ಮುದ್ದೆ ತುಂಬಿದ ರಬ್ಬರ್: ಟೊಳ್ಳು ಆಟಿಕೆಗೆ ಮುದ್ದೆ, ಸ್ವಲ್ಪ ಮೊಸರು ತುಂಬಿ ತಣ್ಣಗೆ ಮಾಡಿ. ಅರ್ಧ ಗಂಟೆ ಬೇರೆ ಯೋಚನೆ ಇರಲ್ಲ. ಸಾರು ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಅಪಾಯ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಶೆಡ್‌ನಲ್ಲಿ ಉದುರಿದ್ದನ್ನು ಗುಡಿಸಿಬಿಡಿ.

ಪೈಪಿನ ಬಾಯಿ ಬಿಡಿಸೋದು ಹೇಗೆ?

ಮರಿ ಪೈಪು ಕಚ್ಚಿದಾಗ ಕೂಗಿ ಓಡಬೇಡಿ, ಕಿತ್ತುಕೊಳ್ಳಬೇಡಿ. ಕಿತ್ತುಕೊಳ್ಳುತ್ತಾರೆ ಅಂತ ಗೊತ್ತಾದರೆ ಬಾಯಲ್ಲಿದ್ದದ್ದನ್ನು ಗಬಕ್ಕನೆ ನುಂಗುತ್ತೆ. ಅದರ ಆಟಿಕೆ ತೋರಿಸಿ, 'ಕೊಡು' ಅಂದು, ಬಿಟ್ಟ ಕೂಡಲೇ ಆಟಿಕೆ ಕೊಡಿ. ಕೊಟ್ಟರೆ ಒಳ್ಳೇದು ಸಿಗುತ್ತೆ ಅಂತ ಕಲಿಯಬೇಕು. ಹಳೇ ಪೈಪಿನ ತುಂಡನ್ನು ಆಡೋಕೆ ಕೊಡಲೇಬೇಡಿ. ಹಳೇದು ಯಾವುದು, ಬೆಳೆಗೆ ಹಾಕಿದ್ದು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಅಗಲ ಬಾಯಿಯ ಮಣ್ಣಿನ ಬಾನಿಯಲ್ಲಿ ತೋಟದ ಎರಡು ಕಡೆ ನೀರಿಡಿ. ಹಲ್ಲು ಬರುವ ಮೂರ್ನಾಲ್ಕು ತಿಂಗಳು ಮರಿಯೊಂದನ್ನೇ ಡ್ರಿಪ್ ಹಾಕಿದ ತಾಕಿಗೆ ಬಿಡಬೇಡಿ. ಮೂರು ಆಟಿಕೆ ಇಟ್ಟುಕೊಂಡು ಒಂದೊಂದೇ ಬದಲಾಯಿಸಿ ಕೊಡಿ. ವಾರಕ್ಕೊಮ್ಮೆ ತೊಳೆದು ನೋಡಿ. ಚೂರು ಎದ್ದಿದ್ದರೆ ಬಿಸಾಡಿ.

ನುಂಗಿಬಿಟ್ಟರೆ?

ಪದೇ ಪದೇ ವಾಂತಿ, ಊಟ ಬಿಡುವುದು, ಮುಕ್ಕಿದರೂ ಮಲ ಬಾರದಿರುವುದು, ಹೊಟ್ಟೆ ಮುಟ್ಟಿಸಿಕೊಳ್ಳದಿರುವುದು, ಕೆಂಚ ನಿಂತ ಹಾಗೆ ನಿಲ್ಲುವುದು, ಇವು ಅಡ್ಡಿಯ ಲಕ್ಷಣ. ಒಂದು ದಿನವೂ ಕಾಯಬೇಡಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ವಿಷವಾಗುತ್ತೆ. ಚೂಪಾದದ್ದು ನುಂಗಿದ್ದರೆ ವಾಪಸ್ ಬರುವಾಗಲೂ ಕೊಯ್ಯುತ್ತೆ. ಬಾಯಲ್ಲೋ ಗುದದಲ್ಲೋ ದಾರದ ತುದಿ ಕಂಡರೆ ಎಳೆಯಬೇಡಿ. ಉಸಿರು ಕಟ್ಟಿದ್ದರೆ ಬಾಯಿ ತೆರೆದು, ಕಣ್ಣಿಗೆ ಕಾಣುವ ವಸ್ತುವನ್ನು ಮಾತ್ರ ಬೆರಳಿನಿಂದ ಮುಂದಕ್ಕೆ ತೆಗೆಯಿರಿ. ಕುರುಡಾಗಿ ಕೈ ಹಾಕಿದರೆ ಒಳಕ್ಕೆ ಹೋಗುತ್ತೆ. ಏನು ತಿಂದಿದೆಯೋ ಅದರ ಉಳಿದ ತುಂಡು, ವಿಷವಾದರೆ ಚೀಟಿ, ಡಾಕ್ಟರ್‌ಗೆ ತೋರಿಸಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಸಿಗುತ್ತೆ. ಆಪರೇಷನ್ ಬೇಕಾದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮಗೆ ಹತ್ತಿರದ್ದು ಯಾವುದು ಅಂತ ಇವತ್ತೇ ಬರೆದಿಟ್ಟುಕೊಳ್ಳಿ.

ಕೆಂಚನಿಗೆ ಈಗ ನಾಲ್ಕು ವರ್ಷ. ರಾತ್ರಿ ಹಂದಿ ಬಂದರೆ ಮೊದಲು ಬೊಗಳೋದು ಅವನೇ. ಹೊಟ್ಟೆ ಮೇಲಿನ ಹೊಲಿಗೆಯ ಗೆರೆಯ ಮೇಲೆ ಕೂದಲು ಸರಿಯಾಗಿ ಬಂದಿಲ್ಲ. ಈಗಲೂ ಜೋಳ ಬೇಯಿಸಿದ ದಿನ ಬಂದು ನನ್ನ ಮುಖ ನೋಡ್ತಾ ಕೂರುತ್ತಾನೆ. ನಾಲ್ಕು ಕಾಳು ಬಿಡಿಸಿ ಕೈಯಲ್ಲಿ ಕೊಡ್ತೀನಿ. ದಿಂಡುಗಳನ್ನು ಎಣಿಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದ ಮೇಲೇ ನಾನು ಕೈ ತೊಳೆಯೋದು.