ಅಮ್ಮಿಯ ಬಳೆ ಮತ್ತು ಲೋಹೀಯ ಬಂಧ

ಕಿರುಪರೀಕ್ಷೆಯಲ್ಲಿ "ಲೋಹೀಯ ಬಂಧ ಎಂದರೇನು?" ಎಂಬ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. "ಧನ ಅಯಾನುಗಳು ಮತ್ತು ಅವುಗಳ ಸುತ್ತಲಿನ ಎಲೆಕ್ಟ್ರಾನ್ ಸಾಗರದ ನಡುವಿನ ಆಕರ್ಷಣೆ" ಎಂದು ಬಾಯಿಪಾಠ ಬರೆದಿದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ಮಸ್ಕಿಯಲ್ಲಿ, ಒಬ್ಬ ಪತ್ತಾರರ ಅಂಗಡಿಯಲ್ಲಿ.

ಟ್ರಂಕಿನ ಮುಚ್ಚಳಕ್ಕೆ ಸಿಕ್ಕಿ ಅಮ್ಮಿಯ ಬಂಗಾರದ ಬಳೆ ಸೊಟ್ಟಗಾಗಿತ್ತು. ಮನೆಯಲ್ಲಿ ಉಳಿದಿದ್ದ ಒಂದೇ ಬಳೆ ಅದು. ನನ್ನ ಮುಂದಿನ ಓದಿನ ಫೀಸಿಗೆಂದು ಇಟ್ಟದ್ದು. ನೆಟ್ಟಗೆ ಮಾಡಲು ಹೋದರೆ ಮುರಿದೀತೆಂದು ಅಮ್ಮಿಗೆ ಭಯ. "ಗಾಜಿನ ಬಳೆ ಬಾಗದೆ ಒಡೆಯುತ್ತದೆ, ಇದು ಒಡೆಯದೆ ಬಾಗಿದೆ. ನೀನು ಸೈನ್ಸ್ ಓದುತ್ತೀಯಲ್ಲ, ಯಾಕೆ ಹೇಳು" ಎಂದರು. ನನಗೆ ಹೇಳಲಾಗಲಿಲ್ಲ.

ಈಗ ಹೇಳಬಲ್ಲೆ. ಉಪ್ಪಿನ ಹರಳನ್ನು ಕುಟ್ಟಿದರೆ ಅದರ ಪದರ ಸ್ವಲ್ಪ ಸರಿಯುತ್ತದೆ. ಆಗ ಸಮಾನ ಆವೇಶದ ಅಯಾನುಗಳು ಎದುರುಬದುರಾಗಿ, ಒಂದನ್ನೊಂದು ದೂಡಿ ಹರಳು ಸೀಳುತ್ತದೆ. ಗಾಜಿನಲ್ಲಿ ಬಂಧಗಳು ಗೊತ್ತಾದ ದಿಕ್ಕಿಗೇ ಬಿಗಿದಿರುತ್ತವೆ. ಅವು ಸರಿಯುವ ಬದಲು ಕಡಿಯುತ್ತವೆ. ಚಿನ್ನದಲ್ಲಿ ಹೊರಕವಚದ ಎಲೆಕ್ಟ್ರಾನ್ ಯಾವ ಒಂದು ಪರಮಾಣುವಿಗೂ ಸೇರಿದ್ದಲ್ಲ. ಪದರ ಎಷ್ಟು ಸರಿದರೂ ನಡುವೆ ಅದೇ ಎಲೆಕ್ಟ್ರಾನ್‌ಗಳು ಇದ್ದೇ ಇರುತ್ತವೆ, ಹಿಡಿತ ತಪ್ಪುವುದಿಲ್ಲ. ಕುಟ್ಯತೆ, ತನ್ಯತೆ ಎರಡಕ್ಕೂ ಇದೇ ಕಾರಣ. ಒಂದೇ ಒಂದು ಗ್ರಾಂ ಚಿನ್ನವನ್ನು ಎರಡು ಕಿಲೋಮೀಟರ್‌ನಷ್ಟು ಉದ್ದದ ತಂತಿಯಾಗಿ ಎಳೆಯಬಹುದು! ಎಲೆಕ್ಟ್ರಾನ್‌ಗಳು ಹೀಗೆ ಓಡಾಡುವುದರಿಂದಲೇ ವಿದ್ಯುತ್ತೂ ಹರಿಯುತ್ತದೆ. ನಿಮ್ಮ ಮೊಬೈಲಿನ ಸಿಮ್ ಕಾರ್ಡಿನ ಹಳದಿ ಭಾಗಕ್ಕೆ ಚಿನ್ನದ ಲೇಪವಿದೆ. ತಾಮ್ರ ಇನ್ನೂ ಒಳ್ಳೆಯ ವಾಹಕ, ಆದರೆ ಅದಕ್ಕೆ ಕಿಲುಬು ಹಿಡಿಯುತ್ತದೆ.

ಆದರೂ ಪತ್ತಾರರು ಬಳೆಯನ್ನು ಹಾಗೇ ಬಡಿಯಲಿಲ್ಲ. ಮೊದಲು ಕೆಂಪಗೆ ಕಾಯಿಸಿ ಆರಿಸಿದರು, ಆಮೇಲೆ ಕಟ್ಟಿಗೆಯ ಸುತ್ತಿಗೆ ಹಿಡಿದರು. "ತಣ್ಣಗಿದ್ದಾಗ ಒಂದೇ ಕಡೆ ಬಡಿದರೆ ಗಡುಸಾಗಿ ಬಿರುಕು ಬಿಡ್ತದವ್ವಾ" ಎಂದರು. ಈ ಮಾತು ನನ್ನ ನೋಟ್ಸಿನಲ್ಲಿ ಇರಲೇ ಇಲ್ಲ. ಮರುದಿನ ಕಾಲೇಜಿನಲ್ಲಿ ಸರ್ ವಿವರಿಸಿದರು: ಪದರಗಳು ಸರಿಯುವುದು ಜೋಡಣೆಯಲ್ಲಿರುವ ಸಣ್ಣ ದೋಷಗಳ ಮೂಲಕ. ಬಡಿದಷ್ಟೂ ಆ ದೋಷಗಳು ಹೆಚ್ಚಿ ಒಂದಕ್ಕೊಂದು ತೊಡರಿಕೊಳ್ಳುತ್ತವೆ, ಲೋಹ ಗಟ್ಟಿಯಾಗುತ್ತದೆ. ಕಾಯಿಸಿದರೆ ಪರಮಾಣುಗಳು ಮತ್ತೆ ಹೊಂದಿ ಕೂರುತ್ತವೆ, ಲೋಹ ಮೆತ್ತಗಾಗುತ್ತದೆ. 22 ಕ್ಯಾರೆಟ್ ಬಳೆಯಲ್ಲಿ ಚಿನ್ನ ಶೇ. 91.6 ಮಾತ್ರ. ಬೆರೆಸಿದ ತಾಮ್ರದ ಪರಮಾಣು ಗಾತ್ರದಲ್ಲಿ ಚಿಕ್ಕದು. ಅದು ಪದರಗಳ ಜಾರುವಿಕೆಗೆ ಅಡ್ಡ ಬರುತ್ತದೆ. ಅದಕ್ಕೇ ಅಪ್ಪಟ ಚಿನ್ನಕ್ಕಿಂತ ಇದು ಗಟ್ಟಿ.

ನಮ್ಮ ಊರಿಗೂ ಚಿನ್ನಕ್ಕೂ ಹಳೆಯ ನಂಟು. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡುಹಿಡಿದ ಬೀಡನ್ ಗಣಿ ಇಂಜಿನಿಯರ್. ಇತಿಹಾಸದ ತರಗತಿಯಲ್ಲಿ ಅಶೋಕನ ಹೆಸರಷ್ಟೇ ಬರುತ್ತದೆ, ಚಿನ್ನದ ಮಾತು ಬರುವುದಿಲ್ಲ! ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಗಣಿಗಾರಿಕೆ ನಡೆದಿದೆ. ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ.

ಬಳೆ ನೆಟ್ಟಗಾಯಿತು. ಸಿಂಧನೂರಿನ ಬಸ್ಸು ಹತ್ತುವ ಮೊದಲು ಅಮ್ಮಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಬಳೆಯನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಅದೇ ಟ್ರಂಕಿನಲ್ಲಿ ಇಟ್ಟರು. ಈ ಸಲ ತಳದಲ್ಲಿ.